ಕಾಂಡ್ಲಾ ಗಿಡದ ಬೆನ್ನಿಗೆ ಪಾಗಾರ ಕಟ್ಟಬಹುದಾ?

ಹೊಳೆಬದಿ:
ನಮ್ಮ ಮನೆ ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ದಂಡೆಯಲ್ಲಿ. ನಾಲ್ಕು ವರ್ಷದ ಹಿಂದೆ ಹಿತ್ತಲಿನಾಚೆ ಮೂರು ಸಾಲು ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಟ್ಟೆವು. ನೀರಿಗೆ ತೀರಾ ಹತ್ತಿರದ ಸಾಲು ಪೂರ್ತಿ ಸತ್ತಿತು. ಹಿಂದಿನ ಎರಡು ಸಾಲು ನನ್ನ ಎದೆಮಟ್ಟ ಬಂದಿವೆ. ಈಗ ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ನೀರು ತೆಂಗಿನ ಬುಡದ ತನಕ ಬರುತ್ತದೆ. ಗಿಡಗಳ ಬೆನ್ನಿಗೇ ಮುರಕಲ್ಲಿನ ಪಾಗಾರ ಕಟ್ಟೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಸಮುದ್ರ ಏರುತ್ತಾ ಹೋದರೆ ಗಿಡಗಳು ತಡೆದುಕೊಳ್ಳುತ್ತವಾ? ಪಾಗಾರದಿಂದ ಅವಕ್ಕೆ ತೊಂದರೆ ಆಗುತ್ತದಾ?

ಗಜನಿಮನೆ:
ದಯವಿಟ್ಟು ಅಲ್ಲಿ ಕಟ್ಟಬೇಡಿ. ನಾನು ಕುಮಟಾ ಕಡೆ, ಅಘನಾಶಿನಿ ಅಳಿವೆಯ ಹತ್ತಿರದವಳು. ನಮ್ಮದು ಗಜನಿ ಗದ್ದೆ, ಅಂದರೆ ಅಳಿವೆಯ ಉಪ್ಪುನೀರಿಗೆ ಒಡ್ಡು ಕಟ್ಟಿದ ತಗ್ಗು ಗದ್ದೆ. ಅಜ್ಜಿಯ ಕಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಿದ್ದೆವು. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ಭತ್ತ ಅದು. ಎತ್ತರಕ್ಕೆ ಬೆಳೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ಯುತ್ತಿದ್ದರು, ಉಳಿದ ಹುಲ್ಲು ಕೊಳೆತು ಮೀನು, ಸಿಗಡಿಗೆ ಮೇವು.

ಆಮೇಲೆ ಸಿಗಡಿಯ ದುಡ್ಡು ಬಂತು. ಉಪ್ಪುನೀರನ್ನು ಜಾಸ್ತಿ ದಿನ ನಿಲ್ಲಿಸಿದರು, ಕಗ್ಗ ನಿಂತಿತು. ಒಂದು ಮಳೆಗಾಲ ಒಡ್ಡೂ ಒಡೆಯಿತು. ಯಾರೂ ಕಟ್ಟಲಿಲ್ಲ. ಎರಡು ವರ್ಷ ಬರೀ ಕೆಸರು. ಮೂರನೇ ವರ್ಷ ಹೋಗಿ ನೋಡಿದರೆ ಗದ್ದೆಯ ತುಂಬ ಕಾಂಡ್ಲಾ ಸಸಿ! ಯಾರೂ ನೆಟ್ಟಿದ್ದಲ್ಲ. ಕಾಂಡ್ಲಾ ಬೀಜ ಮರದಲ್ಲೇ ಮೊಳೆಯುತ್ತದೆ, ನೋಡಿದ್ದೀರಲ್ಲ? ನುಗ್ಗೆಕಾಯಿ ಹಾಗೆ ನೇತಾಡಿ, ಬಿದ್ದ ಕಡೆ ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಇಲ್ಲ ತೇಲಿಕೊಂಡು ಹೋಗುತ್ತದೆ. ಒಡ್ಡು ಬಾಯಿ ಬಿಟ್ಟಿದ್ದೇ ಸಾಕಾಯಿತು. ನಿಮ್ಮ ಗಿಡಗಳೂ ನೀರು ಏರಿದ ಹಾಗೆ ತೆಂಗಿನ ಕಡೆಗೇ ಸರಿಯಬೇಕು. ಅಲ್ಲಿ ಪಾಗಾರ ಇದ್ದರೆ ಎಲ್ಲಿಗೆ ಹೋಗುತ್ತವೆ?

ಸತ್ತ ಸಾಲಿನ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಕೆಳಗೆ ಸಸಿ ದಿನದ ಹೆಚ್ಚಿನ ಹೊತ್ತು ಮುಳುಗಿಯೇ ಇರುತ್ತದೆ. ಇಳಿತದಲ್ಲಿ ಬೇರಿಗೆ ಗಾಳಿ ಸಿಗಲೇಬೇಕು.

ಸಸ್ಯಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಕಾಂಡ್ಲಾ ಬೇರಿನಲ್ಲೇ 100ರಲ್ಲಿ 90 ಪಾಲಿಗೂ ಜಾಸ್ತಿ ಉಪ್ಪನ್ನು ತಡೆಯುತ್ತದೆ. ಅದರ ಜೊತೆಗೇ ಬೆಳೆಯುವ ಉಪ್ಪಟ್ಟಿ ಗಿಡ ಎಲೆಯಿಂದ ಉಪ್ಪು ಹೊರಹಾಕುತ್ತದೆ. ಮಧ್ಯಾಹ್ನ ಎಲೆ ನೆಕ್ಕಿ ನೋಡಿ, ನಾಲಿಗೆಗೆ ಗೊತ್ತಾಗುತ್ತದೆ. ಹಾಗಾಗಿ ಉಪ್ಪಿಗಿಂತ ನೀರಿನ ಮಟ್ಟದ್ದೇ ದೊಡ್ಡ ಚಿಂತೆ.

ಬಿಳಲಿನಂಥ ಬೇರುಗಳು ಹೊಳೆ ತಂದ ಮಣ್ಣು ಹಿಡಿಯುತ್ತವೆ. ಸತ್ತ ಬೇರೂ ಅಲ್ಲೇ ಸೇರಿ ನೆಲ ನಿಧಾನಕ್ಕೆ ಏರುತ್ತದೆ. ಆದರೆ ಇದಕ್ಕೂ ಮಿತಿ ಇದೆ. ಹಳೆಯ ಮಣ್ಣಿನ ಪದರ ನೋಡಿದ 2020ರ ಒಂದು ಅಧ್ಯಯನದ ಪ್ರಕಾರ, ಸಮುದ್ರ ವರ್ಷಕ್ಕೆ 6 ಮಿಲಿಮೀಟರ್‌ಗಿಂತ ವೇಗವಾಗಿ ಏರಿದರೆ ಇಂಥ ಕಾಡು ಜೊತೆಗೆ ಏರುವುದು ಬಹಳ ಕಷ್ಟ. ಈಗ ಜಗತ್ತಿನ ಸರಾಸರಿ 4ರ ಆಸುಪಾಸಿನಲ್ಲಿದೆ. ಅಣೆಕಟ್ಟು ಮಣ್ಣು ತಡೆದರೆ ಗಿಡಕ್ಕೆ ಏರಲು ಮೆಟ್ಟಿಲೇ ಇಲ್ಲ.

ನೀರು ಇಳಿದರೂ ಕಷ್ಟವೇ. ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ 2015-16ರಲ್ಲಿ ಎಲ್ ನಿನೋದಿಂದ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಸಮುದ್ರಮಟ್ಟ ತಾತ್ಕಾಲಿಕವಾಗಿ ತಗ್ಗಿತು, ಜೊತೆಗೆ ಬರ, ಬಿಸಿಲು. ಸುಮಾರು 1,000 ಕಿಲೋಮೀಟರ್ ಕರಾವಳಿಯಲ್ಲಿ 7,000 ಹೆಕ್ಟೇರಿಗೂ ಜಾಸ್ತಿ ಕಾಂಡ್ಲಾ ಕಾಡು ಒಣಗಿತು.

ಹೊಳೆಬದಿ:
ಅಕ್ಕ, ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ಇವತ್ತು ಇಳಿತದ ಹೊತ್ತಿಗೆ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ತೆಂಗಿನ ಬುಡದ ಹತ್ತಿರ, ನಾವು ಪಾಗಾರಕ್ಕೆ ದಾರ ಕಟ್ಟಿದ್ದ ಜಾಗದಲ್ಲೇ, ಗೇಣುದ್ದದ ಏಳು ಸಸಿ ಎದ್ದಿವೆ. ಒಂದಕ್ಕೆ ಆಗಲೇ ನಾಲ್ಕೆಲೆ. ಅಣ್ಣ ತುಂಬಾ ಹೊತ್ತು ಕೂತು ನೋಡಿದ. ಈ ಎರಡು ತೆಂಗಿನ ಸಾಲು ಹೊಳೆಗೇ ಇರಲಿ, ಪಾಗಾರ ಬೇಕಾದರೆ ಬಾವಿಯ ಪಕ್ಕ ಕಟ್ಟೋಣ ಅಂದ. ಆದರೆ ಬಾವಿ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ. ಅದಕ್ಕೇನು ಮಾಡುವುದು?

ಗಜನಿಮನೆ:
ಏಳು ಸಸಿ! ಕೇಳಿ ಹೊಟ್ಟೆ ತಣ್ಣಗಾಯಿತು. ದನ ಬರದ ಹಾಗೆ ಸುತ್ತ ಮುಳ್ಳು ಇಡಿ. ಪಾಗಾರಕ್ಕೆ ಮೊದಲು ಪಂಚಾಯ್ತಿಯಲ್ಲಿ ಕೇಳಿ, ಹೊಳೆದಂಡೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. ಬಾವಿಯದ್ದು ಬೇರೆ ಕಥೆ. ಬೇಸಿಗೆಯಲ್ಲಿ ಪಂಪು ಜಾಸ್ತಿ ಹೊತ್ತು ಓಡಿಸುತ್ತೀರಾ? ಎಷ್ಟು ಆಳ ಇದೆ, ಬರೆಯಿರಿ.