ಸಹಾಯ ಬೇಕು: ಶಾಲೆ ಸುದ್ದಿ ಎಲ್ಲಾ ಮನೆಗೂ ಮುಟ್ಟಿಸುವುದು ಹೇಗೆ?

ನಮಸ್ಕಾರ ಎಲ್ಲರಿಗೂ. ನಾನು ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಪೋಷಕರ ಸಭೆ, ರಜೆ, ಜಂತುಹುಳದ ಮಾತ್ರೆ ಕೊಡುವ ದಿನ, ಎಲ್ಲವನ್ನೂ ವಾಟ್ಸ್‌ಆ್ಯಪ್‌ಗೆ ಹಾಕುತ್ತೇವೆ. ಆದರೆ ಸುಮಾರು ಮನೆಗಳಲ್ಲಿ ಇರುವುದು ಕೀಪ್ಯಾಡ್ ಫೋನ್, ಸ್ಮಾರ್ಟ್‌ಫೋನ್ ಇದ್ದರೂ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಅಲ್ವಾ? ನವೆಂಬರ್ 14ರ ಮಕ್ಕಳ ದಿನಕ್ಕೆ ಎರಡನೇ ಕ್ಲಾಸಿನ ಹುಡುಗಿ ಒಬ್ಬಳೇ ಯೂನಿಫಾರ್ಮ್‌ನಲ್ಲಿ ಬಂದು ಮೂಲೆಯಲ್ಲಿ ನಿಂತಿದ್ದಳು, ಬಣ್ಣದ ಬಟ್ಟೆ ಹಾಕಬಹುದು ಅಂತ ಅವಳ ಮನೆಗೆ ಗೊತ್ತೇ ಆಗಿರಲಿಲ್ಲ. ತುಂಬಾ ಸಂಕಟವಾಯಿತು. ಗೇಟಿನ ಹತ್ತಿರ ಕಪ್ಪು ಹಲಗೆ ಇಡುವುದು, ಹಾಲಿನ ಡೇರಿಯಲ್ಲಿ ಚೀಟಿ ಅಂಟಿಸುವುದು ಯೋಚನೆಯಲ್ಲಿದೆ. ಓದಲು ಬಾರದ ತಾಯಂದಿರಿಗೆ ಏನು ಮಾಡುವುದು? ಕೀಪ್ಯಾಡ್ ಫೋನಿಗೆ ಕನ್ನಡದಲ್ಲಿ ಒಟ್ಟಿಗೇ ವಾಯ್ಸ್ ಕಾಲ್ ಕಳಿಸುವ, ಜಾಸ್ತಿ ಖರ್ಚಿಲ್ಲದ ದಾರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.