ಉಕ್ಕಿಗೆ ಸುಂಕ, ಕಿತ್ತಳೆಗೆ ಏಟು

“ಸಾರ್ವಭೌಮ ದೇಶ ಅಂದ್ಮೇಲೆ ಯಾರ ಹಂಗೂ ಇಲ್ಲ ಕಣೇ. ನಮ್ಮ ಗಡಿ, ನಮ್ಮ ಸುಂಕ, ನಮ್ಮಿಷ್ಟ!” ಶೀನಿ ಮೇಜು ಕುಟ್ಟಿದ.

“ಅಮೆರಿಕದ ಅಧ್ಯಕ್ಷರಾಗಿದ್ದ ಬುಷ್ ಕೂಡ ಹಾಗೇ ಅಂದ್ಕೊಂಡ್ರು,” ಅಂದಳು ವನಜಾ. “2002ರ ಮಾರ್ಚ್‌ನಲ್ಲಿ ಆಮದು ಉಕ್ಕಿನ ಮೇಲೆ ಶೇಕಡಾ 30ರವರೆಗೆ ಸುಂಕ ಜಡಿದ್ರು. ಯುರೋಪಿನವರು, ದೇಶಗಳ ವ್ಯಾಪಾರದ ಜಗಳ ತೀರಿಸೋ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ರು. ಜೊತೆಗೆ, ಗೆದ್ದರೆ ಯಾವುದಕ್ಕೆಲ್ಲ ಸುಂಕ ಹಾಕ್ತೀವಿ ಅಂತ ಪಟ್ಟಿ ಬರೆದ್ರು. ಅದರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಕಿತ್ತಳೆ!”

“ಉಕ್ಕಿಗೂ ಕಿತ್ತಳೆಗೂ ಎತ್ತಣ ಸಂಬಂಧ?”

“2000ದ ಚುನಾವಣೆಯಲ್ಲಿ ಬುಷ್ ಫ್ಲೋರಿಡಾ ಗೆದ್ದಿದ್ದು ಬರೀ 537 ಮತದಿಂದ. ಅಲ್ಲಿನ ಕಿತ್ತಳೆ ಬೆಳೆಗಾರರು ಮುನಿದರೆ ಮುಗೀತು.”

“ಅಯ್ಯೋ, ಇದು ಸುಂಕದ ಪಟ್ಟಿಯೋ ಮತದಾರರ ಪಟ್ಟಿಯೋ!”

“2003ರ ನವೆಂಬರ್‌ನಲ್ಲಿ ಮೇಲ್ಮನವಿ ತೀರ್ಪೂ ಅಮೆರಿಕದ ವಿರುದ್ಧ ಬಂತು. ಡಿಸೆಂಬರ್ 4ಕ್ಕೆ ‘ಉದ್ದೇಶ ಈಡೇರಿತು’ ಅಂತ ಹೇಳಿ ಸುಂಕ ತೆಗೆದ್ರು.”

“ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಿ.”

ಗುಂಡಣ್ಣ ಕನ್ನಡಕ ಸರಿಮಾಡಿಕೊಂಡ. “2018ರಲ್ಲೂ ಇದೇ ಆಟ. ಟ್ರಂಪ್ ಉಕ್ಕಿಗೆ ಶೇಕಡಾ 25 ಹಾಕಿದ್ರು, ಯುರೋಪ್ ಬರ್ಬನ್ ವಿಸ್ಕಿಗೂ ಹಾರ್ಲೆ ಬೈಕಿಗೂ ಹಾಕ್ತು. ವಿಸ್ಕಿ ಸೆನೆಟ್ ನಾಯಕ ಮೆಕಾನಲ್ ಅವರ ರಾಜ್ಯದ್ದು, ಬೈಕು ಸ್ಪೀಕರ್ ರಯಾನ್ ಅವರ ರಾಜ್ಯದ್ದು; ಇಬ್ಬರೂ ಟ್ರಂಪ್ ಪಕ್ಷದವರೇ. ಗುರಿ ಸರಿಯಾಗೇ ಇತ್ತು, ಆದ್ರೆ ಟ್ರಂಪ್ ಜಗ್ಗಲಿಲ್ಲ. ಈ ಮದ್ದು ಎಲ್ಲರಿಗೂ ನಾಟಲ್ಲ.”

“ದೊಡ್ಡವರು ಹೊಡೆದಾಡ್ಕೊಳ್ಳಲಿ. ಸಣ್ಣ ದೇಶ ಏನ್ ಮಾಡ್ಬೇಕು?”

“ಅಲ್ಲೇ ತೊಡಕು,” ಅಂದ ಗುಂಡಣ್ಣ. “ಆಮದಿಗೆ ಸುಂಕ ಹಾಕಿದ್ರೆ ಮೊದಲು ದುಡ್ಡು ಕಕ್ಕೋದು ನಮ್ಮದೇ ಗಿರಾಕಿ. ಸಣ್ಣ ಮಾರುಕಟ್ಟೆ ಬಾಗಿಲು ಹಾಕ್ಕೊಂಡ್ರೆ ದೊಡ್ಡವರಿಗೆ ಸೊಳ್ಳೆ ಕಚ್ಚಿದ ಹಾಗೂ ಆಗಲ್ಲ. ಬ್ರೆಜಿಲ್ ಬುದ್ಧಿ ಓಡಿಸ್ತು. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ 2002ರಲ್ಲಿ ಮೊಕದ್ದಮೆ ಹೂಡಿ ಗೆದ್ದು, ಸರಕಿನ ಜೊತೆ ಅಮೆರಿಕನ್ನರ ಪೇಟೆಂಟ್, ಕಾಪಿರೈಟುಗಳ ರಕ್ಷಣೆಗೂ ಕತ್ತರಿ ಹಾಕೋಕೆ 2009ರಲ್ಲಿ ಅನುಮತಿ ತಗೊಂಡ್ತು. ಆಗ ಅಮೆರಿಕ ಬೆವೆತಿದ್ದು.”

“ಸಬ್ಸಿಡಿ ನಿಲ್ಲಿಸ್ತಾ?”

“ನಿಲ್ಲಿಸೋದಾ! 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರ್ ಬ್ರೆಜಿಲ್‌ನ ಹತ್ತಿ ಬೆಳೆಗಾರರ ನಿಧಿಗೆ ಕೊಡ್ತೀವಿ ಅಂದ್ರು. ಕೊನೆಗೆ 2014ರಲ್ಲಿ 30 ಕೋಟಿ ಕೊಟ್ಟು ಕೈತೊಳೆದುಕೊಂಡ್ರು. ತಮ್ಮ ರೈತರಿಗೆ ಕೊಡೋದು ಬಿಡಲಾರದೆ ಪಕ್ಕದ ಖಂಡದ ರೈತರಿಗೂ ಕೊಟ್ರು!”

ಶೀನಿಗೆ ಹುರುಪು ಬಂತು. “ಸರಿ, ಯಾರ ಮೇಲಾದ್ರೂ ದೂರು ಹಾಕೋಣ. ಹೇಗೆ?”

“ಮೊದಲು 60 ದಿನ ಮಾತುಕತೆ. ಮುರಿದರೆ ಪ್ಯಾನೆಲ್, ಅಂದ್ರೆ ತೀರ್ಪು ಹೇಳೋ ತಜ್ಞರ ಸಮಿತಿ. ಅಲ್ಲಿ ಸೋತವರು ಮೇಲ್ಮನವಿ ಪೀಠಕ್ಕೆ. ಅದಕ್ಕೆ 7 ಸದಸ್ಯರು, ಒಂದು ಪ್ರಕರಣ ಕೇಳೋಕೆ 3 ಜನ ಬೇಕು,” ಅಂದಳು ವನಜಾ. “ಹೊಸ ನೇಮಕಗಳಿಗೆ ಅಮೆರಿಕ ಅಡ್ಡಗಾಲು ಹಾಕಿ, 2019ರ ಡಿಸೆಂಬರ್‌ನಿಂದ ಪೀಠ ಕೂತಿಲ್ಲ. ಸೋತವರು ಮೇಲ್ಮನವಿ ಹಾಕಿ ಹಾಯಾಗಿ ಮಲಗಬಹುದು, ತೀರ್ಪು ಜಾರಿಗೆ ಬರಲ್ಲ.”

“3 ಜನ ತಾನೇ? ನಾವಿದ್ದೀವಲ್ಲ, ನಮ್ಮನ್ನೇ ಕೂರಿಸಲಿ!”

“ನೇಮಕಕ್ಕೆ 166 ಸದಸ್ಯರಲ್ಲಿ ಒಬ್ಬರೂ ತಕರಾರು ತೆಗೀಬಾರದು,” ಅಂದ ಗುಂಡಣ್ಣ. “ನೀನು ಒಂದು ನಿಮಿಷ ತಕರಾರಿಲ್ಲದೆ ಕೂತ್ಕೋ, ನೋಡೋಣ.”