ತಾತನ ಯುದ್ಧಕಾಲದ ಕಾಗದಗಳು: ಉಳಿಸೋದು ಹೇಗೆ, ಓದೋದು ಹೇಗೆ?

ಹಲಸೂರು_ಪೇಟೆ:
ತಾತ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1942ರಿಂದ 1946ರವರೆಗೆ ಕ್ಯಾಂಪಿನಿಂದ ಬರೆದ ಸುಮಾರು 40 ಕಾಗದ ಟ್ರಂಕಿನಲ್ಲಿವೆ. ಎಲ್ಲ ಕನ್ನಡ; ಹೆಚ್ಚಿನವು ಪೆನ್ಸಿಲ್, ಕೆಲವು ಮಸಿ. ಅಲ್ಲಲ್ಲಿ ನೇರಳೆ ಕಲೆ, ಮಡಿಕೆಯಲ್ಲಿ ಹರುಕು, ಎರಡರಲ್ಲಿ ಬ್ಲೇಡಿನಿಂದ ಕತ್ತರಿಸಿದ ಕಿಂಡಿ. ಲ್ಯಾಮಿನೇಶನ್ ಮಾಡಿಸಬಹುದಾ? ಕ್ಯಾಂಪ್ ಎಲ್ಲಿತ್ತು ಅಂತ ಒಂದರಲ್ಲೂ ಇಲ್ಲ, ಪತ್ತೆ ಹಚ್ಚೋದು ಹೇಗೆ? 1945ರ ದೀಪಾವಳಿ ಹೊತ್ತಿನ ಕಾಗದದಲ್ಲಿ ‘ಲಡಾಯಿ ಮುಗೀತು, ನಮ್ಮನ್ನಿನ್ನೂ ಬಿಟ್ಟಿಲ್ಲ’ ಅಂತಿದೆ. ಯಾಕೆ?

ಮಸಿಕುಡಿಕೆ:
ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದರೆ ಮತ್ತೆ ಬಿಡಿಸೋಕಾಗಲ್ಲ. ಸೆಲ್ಲೋಟೇಪೂ ಅಷ್ಟೇ, ಕೆಲವೇ ವರ್ಷದಲ್ಲಿ ಕಂದು ಪಟ್ಟಿ ಬೀಳುತ್ತೆ.

ಆ ನೇರಳೆ ಕಲೆ ಕಾಪಿಯಿಂಗ್ ಪೆನ್ಸಿಲ್ಲಿನದು. ಅದರ ಕಡ್ಡಿಯಲ್ಲಿ ಗ್ರಾಫೈಟ್ ಜೊತೆ ಅನಿಲೀನ್ ಬಣ್ಣ ಇರುತ್ತೆ. ಒಣಗಿದ್ದಾಗ ಬೂದು, ಒಂದು ಹನಿ ನೀರು ತಗುಲಿದರೆ ನೇರಳೆ. ಹಾಗಾಗಿ ಒದ್ದೆ ಬಟ್ಟೆ, ಸ್ಟೀಮ್, ಮೈದಾ ಅಂಟು ಯಾವುದೂ ಹತ್ತಿರ ಬರಬಾರದು. ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ತೆಗೆಯಿರಿ. ಮಡಿಕೆ ಗಟ್ಟಿಯಾಗಿದ್ದರೆ ಮಾರ್ಚ್‌ನ ಒಣ ಹವೆಯಲ್ಲಿ ಬಿಚ್ಚಬೇಡಿ, ಮುರಿಯುತ್ತೆ. ಬೆಂಗಳೂರಿನ ಮಳೆಗಾಲದಲ್ಲಿ ಕಾಗದ ತಾನಾಗೇ ಮೆತ್ತಗಾಗುತ್ತೆ, ಆಗ ಬಿಚ್ಚಿ. ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಎರಡು ವಾರ ಬಿಡಿ. ಆದರೆ ಅದೇ ಮಳೆಗಾಲದಲ್ಲಿ ತೇವಾಂಶ 65% ದಾಟಿದರೆ ಬೂಷ್ಟು ಶುರು, ಹೈಗ್ರೋಮೀಟರ್ ಒಂದು ತಂದಿಡಿ. 45ರಿಂದ 55 ಒಳ್ಳೇದು.

ಮಸಿ ಬರಹದ ಸುತ್ತ ಕಂದು ನೆರಳು ಕಾಣಿಸಿದರೆ ಅದು ಕಬ್ಬಿಣದ ಮಸಿ, ಅಕ್ಷರದ ಗೆರೆಯುದ್ದಕ್ಕೂ ಕಾಗದವನ್ನೇ ತಿನ್ನುತ್ತೆ. ಅಂಥವನ್ನು ಮನೇಲಿ ರಿಪೇರಿ ಮಾಡೋಕೆ ಹೋಗಬೇಡಿ; ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ವಿಭಾಗ ಬೆಂಗಳೂರಲ್ಲೇ ಇದೆ.

ಮೊದಲ ಕೆಲಸ ಮಾತ್ರ ಸ್ಕ್ಯಾನ್: 600 ಡಿಪಿಐ, ಕಲರ್, ಟಿಫ್ (TIFF) ಫೈಲ್. ಹಿಂಬದಿ, ಲಕೋಟೆ, ಖಾಲಿ ಪುಟ ಎಲ್ಲವೂ. ಕಿಂಡಿ ಇರುವ ಹಾಳೆಯ ಹಿಂದೆ ಕಪ್ಪು ಕಾರ್ಡ್ ಇಡಿ. ಮಾಸಿದ ಪೆನ್ಸಿಲ್ಲಿಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ಒತ್ತಿದ ಗುರುತು ನೆರಳಾಗಿ ಏಳುತ್ತೆ.

ಹಲಸೂರು_ಪೇಟೆ:
ಬೆಳ್ಳಿಹುಳ ಕಾಣಿಸಿತು. ನುಸಿಗುಳಿಗೆ ಸಾಕಾ?

ಮಸಿಕುಡಿಕೆ:
ಸಾಲದು, ಮೊಟ್ಟೆ ಸಾಯಲ್ಲ. ಬೇವಿನ ಎಲೆ ಇಟ್ಟರೆ ಕಲೆ ಬೇರೆ. ಜಿಪ್‌ಲಾಕ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಕವರ್ ತೆರೆಯಬೇಡಿ. ತೆರೆದರೆ ತಣ್ಣಗಿನ ಕಾಗದದ ಮೇಲೆ ನೀರು ಕೂತು ಇಡೀ ಪುಟ ನೇರಳೆಯಾಗುತ್ತೆ. ಆಮೇಲೆ ಪಿವಿಸಿ ಫೈಲ್ ಬೇಡ, ಪಾಲಿಯೆಸ್ಟರ್ ಕವರ್ ತಗೊಳ್ಳಿ.

ಅಂಚೆಮುದ್ರೆ:
ಊರಿನ ಹೆಸರು ಇಲ್ಲದಿರೋದು ತಾತನ ಮರೆವಲ್ಲ. ಜಾಗ, ಹಡಗು, ಪಡೆಯ ಚಲನೆ ಬರೆಯೋ ಹಾಗಿರಲಿಲ್ಲ. ಬರೆದರೆ ಸೆನ್ಸಾರ್ ಅಧಿಕಾರಿ ಕತ್ತರಿಸುತ್ತಿದ್ದ. ನಿಮ್ಮ ಕಿಂಡಿಗಳು ಬಹುಶಃ ಅವೇ. ಕಿಂಡಿಯ ಹಿಂದುಮುಂದಿನ ವಾಕ್ಯ ನೋಡಿ, ‘ಇಲ್ಲಿಂದ’, ‘ದಾಟಿ’ ಅಂತ ಇದ್ದರೆ ಹೋಗಿರೋದು ಜಾಗದ ಹೆಸರೇ.

ಲಕೋಟೆಯ ದುಂಡು ಮುದ್ರೆಯಲ್ಲಿ ಎಫ್‌ಪಿಒ ಅಂತಿದ್ದು ಒಂದು ಸಂಖ್ಯೆ ಇರುತ್ತೆ: ಫೀಲ್ಡ್ ಪೋಸ್ಟ್ ಆಫೀಸಿನದು. ಅದು ಪಡೆಯ ಜೊತೆ ಊರೂರು ಸುತ್ತುತ್ತಿತ್ತು. ಆದ್ದರಿಂದ ಸಂಖ್ಯೆಯೊಂದೇ ಸಾಲದು, ತಾರೀಖಿನ ಸಮೇತ ಬರೆದುಕೊಳ್ಳಿ. ಅಂಚೆ ಸಂಗ್ರಾಹಕರ ಬಳಿ ಇದಕ್ಕೆ ಪಟ್ಟಿಗಳಿವೆ; ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಲ್ಲಿ ವಿಚಾರಿಸಿ. ವಿಳಾಸದಲ್ಲಿ ‘ಅಡ್ವಾನ್ಸ್ ಬೇಸ್ ಪೋಸ್ಟ್ ಆಫೀಸ್’ ಅಂತಿದ್ದರೆ ಮೋಸ ಹೋಗಬೇಡಿ. ಅದು ಟಪಾಲು ವಿಂಗಡಿಸುವ ಜಾಗ, ಕ್ಯಾಂಪ್ ಅಲ್ಲ. ಲಕೋಟೆಯನ್ನು ಕಾಗದದಿಂದ ಬೇರೆ ಮಾಡಿದರೆ ಮುಗೀತು, ಎರಡಕ್ಕೂ ಒಂದೇ ನಂಬರ್ ಕೊಡಿ. ಹಾಂ, ನಂಬರನ್ನು ಕವರಿನ ಮೇಲೆ ಬರೆಯಿರಿ, ಕಾಗದದ ಮೇಲಲ್ಲ.

ಕೋಟೆಬಾಗಿಲು:
ಮೂರನೇ ಪ್ರಶ್ನೆಗೆ. ಜಪಾನ್ ಶರಣಾದದ್ದು 1945ರ ಆಗಸ್ಟ್ 15, ಸಹಿ ಸೆಪ್ಟೆಂಬರ್ 2. ಆಗ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನ. ವಯಸ್ಸು, ಸೇವೆಯ ಅವಧಿ ನೋಡಿ ಗುಂಪು ಮಾಡಿ ಸರದಿ ಪ್ರಕಾರ ಬಿಟ್ಟರು, ಹಡಗು ಸಾಲುತ್ತಿರಲಿಲ್ಲ. ಅದರ ಮೇಲೆ ಭಾರತೀಯ ಡಿವಿಷನ್‌ಗಳನ್ನು ಸೈಗಾನ್, ಜಾವಾಕ್ಕೆ ಕಳಿಸಿದರು. 1946ರಲ್ಲಿ ಜಪಾನಿಗೂ ಒಂದು ಬ್ರಿಗೇಡ್ ಹೋಯಿತು. ಸೇತುವೆ, ರಸ್ತೆ, ನೆಲಬಾಂಬು ತೆಗೆಯುವ ಕೆಲಸಕ್ಕೆ ಸ್ಯಾಪರುಗಳು ಬೇಕೇ ಬೇಕು.

ಕಾಗದದಲ್ಲಿ ‘ಗುಂಪು’, ‘ಗ್ರೂಪ್’ ಪಕ್ಕ ಒಂದು ಸಂಖ್ಯೆ ಇದೆಯಾ ನೋಡಿ, ಅದು ಬಿಡುಗಡೆಯ ಸರದಿ ಇರಬಹುದು. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಆರ್ಮಿ ನಂಬರ್, ಕಂಪನಿ ಸಮೇತ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸೇ) ದಾಖಲೆ ಕಚೇರಿಗೆ ಬರೆಯಿರಿ, ಅದೂ ನಿಮ್ಮ ಹಲಸೂರಿನ ಪಕ್ಕದಲ್ಲೇ. 1946ರ ಕಾಗದಗಳ ಎಫ್‌ಪಿಒ ಸಂಖ್ಯೆ ಇಲ್ಲಿ ಹಾಕಿ, ನೋಡೋಣ.